ಸುಮ್ಮನೆ ಬಿಟ್ಟಾಗ ಮಾತ್ರ ರೀಸ್ಟಾರ್ಟ್ ಆಗುವ ಸಿಸ್ಟಮ್: ರಿಪೇರಿ ಲಾಗ್

ಗೇಮ್ ಆಡಿದರೆ ಏನೂ ಆಗುವುದಿಲ್ಲ. ವಿಡಿಯೋ ರೆಂಡರ್‌ಗೆ ಹಾಕಿದರೂ ಆಗುವುದಿಲ್ಲ. ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಡುವ ಪ್ರೈಮ್95 ಎಂಬ ಸ್ಟ್ರೆಸ್ ಟೆಸ್ಟ್ ಓಡಿಸಿ ಕಾಯಿಸಿದರೂ ಜಪ್ಪಯ್ಯ ಅನ್ನುವುದಿಲ್ಲ. ಊಟಕ್ಕೆ ಎದ್ದು ಹೋಗಿ ಬಂದರೆ ಮಾತ್ರ ರೀಸ್ಟಾರ್ಟ್ ಆಗಿ ಲಾಗಿನ್ ಸ್ಕ್ರೀನ್ ತೋರಿಸುತ್ತಿರುತ್ತದೆ. ಅಪರೂಪಕ್ಕೆ ಪೂರ್ತಿ ಆಫ್ ಆಗಿರುತ್ತದೆ. ಆಗ ಪವರ್ ಬಟನ್ ಎಷ್ಟು ಒತ್ತಿದರೂ ಪ್ರಯೋಜನವಿಲ್ಲ, ಗೋಡೆಯ ಸ್ವಿಚ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದರೇ ಎದ್ದೇಳುವುದು.

ಬೆಂಚಿನ ಮೇಲಿರುವುದು ಅಸೆಂಬಲ್ ಮಾಡಿದ ಡೆಸ್ಕ್‌ಟಾಪ್: ರೈಜೆನ್ 5 1600 ಪ್ರೊಸೆಸರ್, ಬಿ350 ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, 256 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 1 ಟಿಬಿ ಹಾರ್ಡ್ ಡಿಸ್ಕ್, ಜಿಟಿಎಕ್ಸ್ 1050 ಟಿಐ ಕಾರ್ಡ್, ಕ್ಯಾಬಿನೆಟ್ ಜೊತೆಗೇ ಬಂದ 450 ವ್ಯಾಟ್ ಎಂದು ಬರೆದಿರುವ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು 12, 5, 3.3 ವೋಲ್ಟ್ ಮಾಡಿಕೊಡುವ ಪವರ್ ಸಪ್ಲೈ), 600 ವಿಎ ಯುಪಿಎಸ್, ವಿಂಡೋಸ್ 10. ಬೆಂಚಿಗೆ ಬರುವ ಮೊದಲೇ ಒಮ್ಮೆ ಫಾರ್ಮ್ಯಾಟ್ ಆಗಿದೆ, ರ‍್ಯಾಮ್ ತೆಗೆದು ರಬ್ಬರಿನಿಂದ ಉಜ್ಜಿ ಹಾಕಿದ್ದೂ ಆಗಿದೆ. ಅಂದರೆ ಊರಿನ ಎರಡೂ ಮನೆಮದ್ದು ಮುಗಿದಿವೆ.

ಸ್ಟ್ರೆಸ್ ಟೆಸ್ಟ್ ಪಾಸಾಯಿತು ಎಂದು ಹಾರ್ಡ್‌ವೇರ್ ಸರಿಯಿದೆ ಎಂದುಕೊಂಡರೆ ಇಂಥ ಕೇಸು ಬಗೆಹರಿಯುವುದಿಲ್ಲ. ಕೆಲಸವಿಲ್ಲದಾಗ ಪ್ರೊಸೆಸರ್ ಒಂದೊಂದೇ ಕೋರಿನ ವಿದ್ಯುತ್ತನ್ನು ಕಡಿದು ಸಿ6 ಎಂಬ ಸ್ಥಿತಿಗೆ ಇಳಿಯುತ್ತದೆ, ಸಣ್ಣ ಕೆಲಸ ಬಂದ ಕೂಡಲೇ ಎದ್ದು ಅತಿ ಹೆಚ್ಚಿನ ವೇಗಕ್ಕೆ ಹಾರುತ್ತದೆ, ಮತ್ತೆ ಇಳಿಯುತ್ತದೆ. ಇದು ಸೆಕೆಂಡಿಗೆ ನೂರಾರು ಸಲ ನಡೆಯುತ್ತದೆ. ಎಸ್‌ಎಸ್‌ಡಿ, ಪಿಸಿಐಇ ಲಿಂಕ್, ಗ್ರಾಫಿಕ್ಸ್ ಕಾರ್ಡ್, ಯುಎಸ್‌ಬಿ ಎಲ್ಲಕ್ಕೂ ತಮ್ಮ ತಮ್ಮ ನಿದ್ದೆಯ ಹಂತಗಳಿವೆ. ಪ್ರೈಮ್95 ಓಡುವಾಗ ಇವು ಯಾವುವೂ ಮಲಗುವುದಿಲ್ಲ, ಹಾಗಾಗಿ ಮಲಗುವಾಗ ಏಳುವಾಗ ಇರುವ ದೋಷ ಅಲ್ಲಿ ಕಾಣುವುದೂ ಇಲ್ಲ. ಪತ್ತೆ ಮಾಡುವ ದಾರಿ ಒಂದೇ: ಯಾವ ಭಾಗವನ್ನು ಮಲಗಲು ಬಿಡದಿದ್ದಾಗ ತೊಂದರೆ ನಿಲ್ಲುತ್ತದೆ ಎಂದು ಒಂದೊಂದಾಗಿ ನೋಡುವುದು.

ಮೊದಲು ಲಾಗ್

ಕಮಾಂಡ್‌ಗಳನ್ನೂ ಸೆಟಿಂಗ್‌ಗಳನ್ನೂ ಇಲ್ಲಿ ಉಚ್ಚಾರದಂತೆ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು.

ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್‌ಡ್ ಟ್ಯಾಬ್, ಅದರಲ್ಲಿ ಸ್ಟಾರ್ಟಪ್ ಆ್ಯಂಡ್ ರಿಕವರಿ. ಅಲ್ಲಿ ‘ಆಟೋಮ್ಯಾಟಿಕಲಿ ರೀಸ್ಟಾರ್ಟ್’ ಟಿಕ್ ತೆಗೆದು, ಸ್ಮಾಲ್ ಮೆಮೊರಿ ಡಂಪ್ (ಬ್ಲೂ ಸ್ಕ್ರೀನ್ ಆದಾಗ ಮಿನಿಡಂಪ್ ಫೋಲ್ಡರಿನಲ್ಲಿ ಉಳಿಯುವ ದಾಖಲೆ) ಆರಿಸಿ. ಇನ್ನು ಬ್ಲೂ ಸ್ಕ್ರೀನ್ ಬಂದರೆ ಅದು ಹಾಗೇ ನಿಂತಿರುತ್ತದೆ, ಓದಬಹುದು. ಇಷ್ಟು ಮಾಡಿದ ಮೇಲೂ ತಾನೇ ರೀಸ್ಟಾರ್ಟ್ ಆದರೆ ಅದು ವಿಂಡೋಸ್ ಮಾಡಿದ ರೀಸ್ಟಾರ್ಟ್ ಅಲ್ಲ ಎಂದು ಹೆಚ್ಚುಕಡಿಮೆ ಖಾತ್ರಿ.

ಮುಂದಿನದು ಇವೆಂಟ್ ವ್ಯೂವರ್, ವಿಂಡೋಸ್ ಲಾಗ್ಸ್, ಸಿಸ್ಟಮ್. ಎಲ್ಲರೂ ಹಿಡಿದುಕೊಳ್ಳುವುದು ಕರ್ನಲ್-ಪವರ್ 41 ಅನ್ನು. ಅದು ಕಾರಣ ಹೇಳುವುದಿಲ್ಲ. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದು ಮುಂದಿನ ಬೂಟ್‌ನಲ್ಲಿ ಬರೆದ ಚೀಟಿ ಅಷ್ಟೆ. ಉಪಯೋಗಕ್ಕೆ ಬರುವುದು ಅದರ ಡೀಟೇಲ್ಸ್ ಟ್ಯಾಬ್. ಬಗ್‌ಚೆಕ್‌ಕೋಡ್ ಅಲ್ಲಿ ದಶಮಾಂಶದಲ್ಲಿ ಇರುತ್ತದೆ: 159 ಎಂದರೆ 0ಎಕ್ಸ್9ಎಫ್, ಡ್ರೈವರ್ ಒಂದು ಪವರ್ ಹಂತ ಬದಲಿಸುವಾಗ ಸಿಕ್ಕಿಕೊಂಡಿದೆ, 292 ಎಂದರೆ 0ಎಕ್ಸ್124, ಪ್ರೊಸೆಸರೇ ಹಾರ್ಡ್‌ವೇರ್ ದೋಷ ವರದಿ ಮಾಡಿದೆ, 239 ಎಂದರೆ 0ಎಕ್ಸ್‌ಇಎಫ್, ವಿಂಡೋಸ್‌ಗೆ ಬೇಕೇ ಬೇಕಾದ ಪ್ರೋಸೆಸ್ ಸತ್ತಿದೆ, ಎಸ್‌ಎಸ್‌ಡಿ ಕಣ್ಮರೆಯಾದಾಗ ಹೀಗಾಗುವುದುಂಟು. ಸೊನ್ನೆ ಇದ್ದರೆ ಬ್ಲೂ ಸ್ಕ್ರೀನ್ ದಾಖಲಾಗಿಲ್ಲ. ಪಕ್ಕದಲ್ಲಿ ಪವರ್‌ಬಟನ್‌ಟೈಮ್‌ಸ್ಟ್ಯಾಂಪ್ ಸೊನ್ನೆಯಲ್ಲದಿದ್ದರೆ ಹ್ಯಾಂಗ್ ಆಗಿದ್ದ ಸಿಸ್ಟಮನ್ನು ಯಾರೋ ಬಟನ್ ಒತ್ತಿ ಹಿಡಿದು ಆರಿಸಿದ್ದಾರೆ. ಇಲ್ಲಿ ಎರಡೂ ಸೊನ್ನೆ. ಹಾರ್ಡ್‌ವೇರ್ ದೋಷಗಳನ್ನು ದಾಖಲಿಸುವ ಡಬ್ಲ್ಯುಎಚ್‌ಇಎ-ಲಾಗರ್ ಎಂಬ ಮೂಲದಿಂದ 17, 18, 19 ಯಾವ ಇವೆಂಟೂ ಇಲ್ಲ. ಮಿನಿಡಂಪ್ ಫೋಲ್ಡರ್ ಖಾಲಿ. ವಿಂಡೋಸ್‌ಗೆ ತಾನು ಸಾಯುತ್ತಿದ್ದೇನೆ ಎಂದು ಗೊತ್ತಾಗುವಷ್ಟೂ ಸಮಯ ಸಿಕ್ಕಿಲ್ಲ.

ರೀಸ್ಟಾರ್ಟ್ ಆಗದೆ ಕಪ್ಪು ಸ್ಕ್ರೀನಿನಲ್ಲಿ ಹ್ಯಾಂಗ್ ಆಗುವ ಸಿಸ್ಟಮ್ ನಿಮ್ಮದಾಗಿದ್ದರೆ ಇಲ್ಲಿಂದ ದಾರಿ ಬೇರೆ. ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ದೀಪ ಹೊತ್ತಿ ಆರುತ್ತಿದ್ದರೆ ವಿಂಡೋಸ್ ಬದುಕಿದೆ, ಹೋಗಿರುವುದು ಡಿಸ್‌ಪ್ಲೇ ಮಾತ್ರ. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ರೀಸೆಟ್ ಆಗುತ್ತದೆ. ದೀಪ ಕದಲದಿದ್ದರೆ ರೀಸೆಟ್ ಬಟನ್ ಒತ್ತಿ ನೇರ ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮೊದಲಿನ, ಬೋರ್ಡಿನದೇ ಸೆಟಿಂಗ್ ಪರದೆ) ಹೋಗಿ, ಎಸ್‌ಎಸ್‌ಡಿ ಪಟ್ಟಿಯಲ್ಲಿದೆಯೇ ನೋಡಿ. ಅಲ್ಲಿ ಕಾಣದೆ, ಕರೆಂಟ್ ಪೂರ್ತಿ ತೆಗೆದು ಹಾಕಿದ ಮೇಲೆ ಕಾಣಿಸಿದರೆ ಎಸ್‌ಎಸ್‌ಡಿ ಮಲಗಿ ಏಳಲಾಗದೆ ಉಳಿದಿದೆ. ಅದರ ಫರ್ಮ್‌ವೇರ್ ಅಪ್‌ಡೇಟ್ ಮಾಡಿ, ಪವರ್ ಆಪ್ಷನ್ಸ್‌ನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಕೆಳಗಿನ ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್ ಅನ್ನು ಆಫ್ ಮಾಡಿ. ಲಿನಕ್ಸ್‌ನಲ್ಲಿ ಬೂಟ್ ಸಾಲಿಗೆ ‘ಎನ್‌ವಿಎಂಇ_ಕೋರ್.ಡಿಫಾಲ್ಟ್_ಪಿಎಸ್_ಮ್ಯಾಕ್ಸ್_ಲೇಟೆನ್ಸಿ_ಯುಎಸ್=0’ ಸೇರಿಸಿದರೆ ಎಸ್‌ಎಸ್‌ಡಿ ತಾನಾಗಿ ಆಳ ನಿದ್ದೆಗೆ ಹೋಗುವುದು ನಿಲ್ಲುತ್ತದೆ.

ಸಮಯ ನೋಡಿ

ಸಾಯುವುದು ಕರಾರುವಾಕ್ಕಾಗಿ ಒಂದೇ ಅವಧಿಗೆ ಆಗುತ್ತಿದೆಯೇ, ಅಥವಾ ಹೊತ್ತುಗೊತ್ತಿಲ್ಲದೆಯೇ? ವಿಂಡೋಸ್ 10ರ ಬ್ಯಾಲೆನ್ಸ್‌ಡ್ ಪ್ಲಾನ್‌ನಲ್ಲಿ ಸಾಮಾನ್ಯವಾಗಿ 10 ನಿಮಿಷಕ್ಕೆ ಮಾನಿಟರ್, 20ಕ್ಕೆ ಹಾರ್ಡ್ ಡಿಸ್ಕ್ ಆರುತ್ತವೆ, 30ಕ್ಕೆ ಸ್ಲೀಪ್. ಎದ್ದುಹೋದ ಹತ್ತನೇ ನಿಮಿಷಕ್ಕೇ ಸದಾ ಸತ್ತರೆ ಗ್ರಾಫಿಕ್ಸ್ ಡ್ರೈವರ್ ಅಥವಾ ಡಿಸ್‌ಪ್ಲೇಪೋರ್ಟ್ ಕೇಬಲ್ ನೋಡಿ. ಮೂರನ್ನೂ ‘ನೆವರ್’ಗೆ ಇಟ್ಟು, ಆಮೇಲೆ ಒಂದನ್ನು ಮಾತ್ರ 1 ನಿಮಿಷಕ್ಕೆ ಇಳಿಸಿದರೆ ಕಾಯುವ ಕೆಲಸ ತಪ್ಪುತ್ತದೆ. ರಾತ್ರಿ 2 ಗಂಟೆಯ ಆಸುಪಾಸಿನಲ್ಲಿ ಸತ್ತರೆ ಅದು ಸುಮ್ಮನೆ ಕೂತಾಗಿನ (ಐಡಲ್) ದೋಷವೇ ಅಲ್ಲದಿರಬಹುದು: ವಿಂಡೋಸ್‌ನ ಆಟೋಮ್ಯಾಟಿಕ್ ಮೇಂಟೆನೆನ್ಸ್ ಮೊದಲಿನಿಂದ ಇಟ್ಟುಕೊಂಡಿರುವ ಹೊತ್ತು ಅದು. ಯಾರೂ ಮುಟ್ಟದ ಸಮಯ ನೋಡಿ ಡಿಸ್ಕ್ ಆಪ್ಟಿಮೈಸ್, ಡಿಫೆಂಡರ್ ಸ್ಕ್ಯಾನ್ ಶುರುವಾಗುತ್ತವೆ. ಕಂಟ್ರೋಲ್ ಪ್ಯಾನೆಲ್‌ನ ಸೆಕ್ಯುರಿಟಿ ಆ್ಯಂಡ್ ಮೇಂಟೆನೆನ್ಸ್‌ನಲ್ಲಿ ‘ಸ್ಟಾರ್ಟ್ ಮೇಂಟೆನೆನ್ಸ್’ ಒತ್ತಿದರೆ ಹಗಲಲ್ಲೇ ಅದನ್ನು ಓಡಿಸಿ ನೋಡಬಹುದು.

ನಿಖರ ಸಮಯ ಬೇಕಿದ್ದರೆ 10 ಸೆಕೆಂಡಿಗೊಮ್ಮೆ ಗಂಟೆ ಬರೆಯುವ ಪುಟ್ಟ ಪವರ್‌ಶೆಲ್ ಲೂಪ್ ಸಾಕು. ಆ ಫೈಲನ್ನು ಪೆನ್‌ಡ್ರೈವ್‌ಗೆ ಬರೆಸಿ. ಎಸ್‌ಎಸ್‌ಡಿಗೆ ಬರೆಸಿದರೆ ಅದು ಮಲಗುವುದೇ ಇಲ್ಲ, ಪರೀಕ್ಷೆಯೇ ಕೆಟ್ಟಿತು. ಬೆಂಚಿನ ಸಿಸ್ಟಮ್‌ನಲ್ಲಿ ಒಮ್ಮೆ ಏಳು ನಿಮಿಷಕ್ಕೆ, ಇನ್ನೊಮ್ಮೆ ಎರಡು ಗಂಟೆ ಕಳೆದ ಮೇಲೆ. ಟೈಮರ್‌ಗೂ ಇದಕ್ಕೂ ಸಂಬಂಧವಿಲ್ಲ.

ಸಾಫ್ಟ್‌ವೇರ್ ಹೊರಗೆ

ಎಸ್‌ಎಸ್‌ಡಿ ಕಳಚಿ, ಹಾರ್ಡ್ ಡಿಸ್ಕಿನ ಎರಡೂ ಕೇಬಲ್ ತೆಗೆದು, ಉಬುಂಟು ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಸುಮ್ಮನೆ ಬಿಟ್ಟಾಗ ರೀಸ್ಟಾರ್ಟ್ ಅಪರೂಪವಾಯಿತು, ಆದರೆ ನಿಲ್ಲಲಿಲ್ಲ. ವಿಂಡೋಸ್, ಡ್ರೈವರ್, ಎಸ್‌ಎಸ್‌ಡಿ ಮೂರೂ ಇದರಿಂದ ಪಾರು. ಹಾರ್ಡ್ ಡಿಸ್ಕ್ ತೆಗೆದ ಮೇಲೆ ಅಪರೂಪವಾದದ್ದನ್ನು ನೋಡಿ ಹಾರ್ಡ್ ಡಿಸ್ಕೇ ಕೆಟ್ಟಿದೆ ಎಂದು ತೀರ್ಮಾನಿಸುವ ಆಸೆ ಆಗುತ್ತದೆ. ಅದನ್ನು ಇನ್ನೊಂದು ಸಿಸ್ಟಮ್‌ಗೆ ಹಾಕಿದಾಗ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿ ಶುದ್ಧ, ಪೂರ್ತಿ ಓದಿಸಿದರೂ ಒಂದು ಸೆಕ್ಟರ್ ಕೆಟ್ಟಿಲ್ಲ. ಈ ಸುಳಿವನ್ನು ಪಕ್ಕಕ್ಕಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರ‍್ಯಾಮ್: ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಹೆಚ್ಚಿನ ವೇಗಕ್ಕೆ ಏರಿಸುವ ಸೆಟಿಂಗ್) ತೆಗೆದು ವೇಗವನ್ನು 2133ಕ್ಕೆ ಇಳಿಸಿ, ಮೆಮ್‌ಟೆಸ್ಟ್86 ನಾಲ್ಕು ಪಾಸ್. ದೋಷ ಸೊನ್ನೆ, ರೀಸ್ಟಾರ್ಟ್ ಹಾಗೇ ಇದೆ. ಓವರ್‌ಕ್ಲಾಕ್, ಅಂಡರ್‌ವೋಲ್ಟ್ ಇದರಲ್ಲಿ ಇಲ್ಲ. ಇದ್ದರೆ ಮೊದಲ ಸಂಶಯ ಅದರ ಮೇಲೇ. ರೈಜೆನ್ 5000 ಸರಣಿಯಲ್ಲಿ ಕೋರ್‌ಗಳ ವೋಲ್ಟೇಜ್ ಕಡಿತಗೊಳಿಸುವ ಕರ್ವ್ ಆಪ್ಟಿಮೈಸರ್‌ಗೆ ಮೈನಸ್ 30 ಹಾಕಿ, ಎಲ್ಲ ಕೋರ್ ಒಟ್ಟಿಗೆ ದುಡಿಯುವ ಟೆಸ್ಟಿನಲ್ಲಿ ಪಾಸಾಯಿತು ಎಂದು ಸಂತೋಷಪಡುವವರು ಬಹಳ. ಎಲ್ಲ ಕೋರ್ ದುಡಿಯುವಾಗ ವೇಗ ಕಡಿಮೆ ಇರುತ್ತದೆ. ಬಹುತೇಕ ಖಾಲಿ ಇದ್ದಾಗಲೇ ಒಂದು ಕೋರ್ ಗರಿಷ್ಠ ವೇಗಕ್ಕೆ ಹಾರುವುದು, ಕಡಿತಗೊಳಿಸಿದ ವೋಲ್ಟೇಜ್ ಸಾಲದೆ ಬೀಳುವುದು ಅಲ್ಲಿ. ಆ ಕೇಸಿನಲ್ಲಿ ಡಬ್ಲ್ಯುಎಚ್‌ಇಎ 18 ಸಾಮಾನ್ಯವಾಗಿ ಸಿಗುತ್ತದೆ, ಕೋರ್‌ಸೈಕ್ಲರ್ ಎಂಬ ಟೂಲ್ ಒಂದೊಂದೇ ಕೋರನ್ನು ದುಡಿಸಿ ಬೀಳುವ ಕೋರನ್ನು ಹಿಡಿದುಕೊಡುತ್ತದೆ.

ಯುಪಿಎಸ್ ಮತ್ತು ಇನ್‌ವರ್ಟರ್ ಬಗ್ಗೆ ಒಂದು ಮಾತು. ಕರೆಂಟ್ ಹೋಗಿ ಬರುವ ಊರುಗಳಲ್ಲಿ ಬೆರಳು ಮೊದಲು ತೋರುವುದು ಅತ್ತ ಕಡೆಗೇ. ಆದರೆ ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗುವ (ಚೇಂಜ್‌ಓವರ್) ಆ ಕೆಲವು ಮಿಲಿಸೆಕೆಂಡುಗಳನ್ನು ದಾಟಿಸುವುದು ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರ್. ಲೋಡ್ ಕಡಿಮೆ ಇದ್ದಷ್ಟೂ ಅದರ ಚಾರ್ಜ್ ಹೆಚ್ಚು ಹೊತ್ತು ಬರುತ್ತದೆ. ಕರೆಂಟಿನ ತೊಂದರೆಯಾಗಿದ್ದರೆ ಗೇಮ್ ಆಡುವಾಗಲೇ ಮೊದಲು ಬೀಳಬೇಕಿತ್ತು. ಆದರೂ ಯುಪಿಎಸ್ ಬಿಟ್ಟು ನೇರ ಗೋಡೆಗೆ ಹಾಕಿ ನೋಡಿದ್ದಾಯಿತು, ವ್ಯತ್ಯಾಸವಿಲ್ಲ.

ಸಿ6 ನಿಲ್ಲಿಸಿದಾಗ

ಲೈವ್ ಉಬುಂಟುವಿನ ಬೂಟ್ ಮೆನುವಿನಲ್ಲಿ ಇ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ‘ಐಡಲ್=ಪೋಲ್’ ಸೇರಿಸಿ ಎಫ್10. ಪ್ರೊಸೆಸರ್ ಮಲಗುವುದೇ ಇಲ್ಲ, ಸುಮ್ಮನೆ ಸುತ್ತುತ್ತಿರುತ್ತದೆ. ಬಿಸಿಯಾಗುತ್ತದೆ, ಹಾಗಾಗಿ ಪರೀಕ್ಷೆಗೆ ಮಾತ್ರ. ರೀಸ್ಟಾರ್ಟ್ ನಿಂತಿತು.

ಮುಂದೆ ಅದನ್ನು ತೆಗೆದು ಬಯಾಸ್: ಅಡ್ವಾನ್ಸ್‌ಡ್, ಎಎಂಡಿ ಸಿಬಿಎಸ್, ಅದರೊಳಗೆ ಪವರ್ ಸಪ್ಲೈ ಐಡಲ್ ಕಂಟ್ರೋಲ್. ಆಟೋ, ಲೋ ಕರೆಂಟ್ ಐಡಲ್, ಟಿಪಿಕಲ್ ಕರೆಂಟ್ ಐಡಲ್ ಎಂಬ ಮೂರು ಆಯ್ಕೆ. ಇದು ಕಾಣದಿದ್ದರೆ ಬಯಾಸ್ ಹಳೆಯದು, ಅಪ್‌ಡೇಟ್ ಮಾಡಬೇಕು. ಪ್ರೊಸೆಸರ್ ಆಳವಾಗಿ ಮಲಗದಂತೆ ಟಿಪಿಕಲ್‌ಗೆ ಇಟ್ಟಾಗ ವಿಂಡೋಸ್‌ನಲ್ಲೂ ರೀಸ್ಟಾರ್ಟ್ ನಿಂತಿತು. ಗ್ಲೋಬಲ್ ಸಿ-ಸ್ಟೇಟ್ ಕಂಟ್ರೋಲ್ ಅನ್ನು ಡಿಸೇಬಲ್ ಮಾಡಿದರೂ ಅದೇ ಫಲ, ಆದರೆ ಅದು ಬಲು ಒರಟು ಮದ್ದು, ಖಾಲಿ ಕೂತಾಗಲೂ ಕರೆಂಟ್ ಹೆಚ್ಚು ತಿನ್ನುತ್ತದೆ.

ಬಹಳಷ್ಟು ಜನ ಇಲ್ಲಿಗೆ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ಸಿ6 ನಿಲ್ಲಿಸಿದಾಗ ಎರಡು ಸಂಗತಿ ಒಟ್ಟಿಗೆ ಬದಲಾಗುತ್ತವೆ: ಪ್ರೊಸೆಸರ್ ಮಲಗುವುದು ನಿಲ್ಲುತ್ತದೆ, ಜೊತೆಗೆ ಎಸ್‌ಎಂಪಿಎಸ್‌ನಿಂದ ಬರುವ 12 ವೋಲ್ಟ್ ಲೈನಿನ ಲೋಡ್ ಏರುತ್ತದೆ. ದೋಷ ಪ್ರೊಸೆಸರಿನದೋ ಎಸ್‌ಎಂಪಿಎಸ್‌ನದೋ ಇದರಿಂದ ಗೊತ್ತಾಗುವುದಿಲ್ಲ. ಆ ಸೆಟಿಂಗಿನ ಹೆಸರಲ್ಲೇ ‘ಪವರ್ ಸಪ್ಲೈ’ ಇರುವುದು ಸುಮ್ಮನೆ ಅಲ್ಲ. 2013ರಲ್ಲಿ ಇಂಟೆಲ್‌ನ ಹ್ಯಾಸ್‌ವೆಲ್ ಪ್ರೊಸೆಸರ್ ಬಂದಾಗಲೇ ಈ ಮಾತು ಎದ್ದಿತ್ತು: ಅದರ ಸಿ6, ಸಿ7 ಹಂತದಲ್ಲಿ ಪ್ರೊಸೆಸರಿನ 12 ವೋಲ್ಟ್ ಲೈನು ಬರೀ 0.05 ಆಂಪ್‌ಗೆ ಇಳಿಯಬಹುದಿತ್ತು. ಎಸ್‌ಎಂಪಿಎಸ್ ಹೇಗಿರಬೇಕೆಂದು ಹೇಳುವ ಹಳೆಯ ಎಟಿಎಕ್ಸ್ ಸ್ಪೆಸಿಫಿಕೇಶನ್ ಕನಿಷ್ಠ 0.5 ಆಂಪ್ ಲೋಡ್ ಇರುತ್ತದೆ ಎಂದು ನಂಬಿಕೊಂಡಿತ್ತು.

ಎರಡನ್ನೂ ಬೇರ್ಪಡಿಸುವ ಉಪಾಯ ಯಾವ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ: ಗಾಡಿಯ ಬ್ರೇಕ್ ಲೈಟಿಗೆ ಹಾಕುವ 12 ವೋಲ್ಟ್ 21 ವ್ಯಾಟ್ ಬಲ್ಬು, ಹೋಲ್ಡರ್ ಸಮೇತ. ಅದು ಸುಮಾರು 1.75 ಆಂಪ್ ಎಳೆಯುತ್ತದೆ. ಸಿಸ್ಟಮ್ ಆಫ್ ಮಾಡಿ, ಪ್ಲಗ್ ಕಿತ್ತು, ಖಾಲಿ ಇರುವ ನಾಲ್ಕು ಪಿನ್ ಮೊಲೆಕ್ಸ್ ಕನೆಕ್ಟರಿನ ಹಳದಿ ತಂತಿ ಮತ್ತು ಅದರ ಪಕ್ಕದ ಕಪ್ಪು ತಂತಿಗೆ ಬಲ್ಬಿನ ಎರಡು ತುದಿ. ಕೆಂಪನ್ನು ಮುಟ್ಟಬೇಡಿ, ಅದು 5 ವೋಲ್ಟ್. ಗೆಣ್ಣುಗಳಿಗೆ ಟೇಪ್ ಸುತ್ತಿ. ಬಲ್ಬು ಕೈ ಸುಡುವಷ್ಟು ಕಾಯುತ್ತದೆ, ಟೈಲ್ಸ್ ತುಂಡಿನ ಮೇಲೆ ಇಡಿ, ಕ್ಯಾಬಿನೆಟ್ ಒಳಗೆ ಬೇಡ. ಈಗ ಬಯಾಸ್ ಮತ್ತೆ ಆಟೋಗೆ. ಪ್ರೊಸೆಸರ್ ಮೊದಲಿನಂತೆ ಸಿ6ಗೆ ಇಳಿಯುತ್ತದೆ, ಆದರೆ ಎಸ್‌ಎಂಪಿಎಸ್‌ಗೆ ಲೋಡ್ ಇದೆ. ಬಲ್ಬು ಉರಿಯುತ್ತಿರುವಷ್ಟೂ ಹೊತ್ತು ರೀಸ್ಟಾರ್ಟ್ ಇಲ್ಲ. ಬಲ್ಬು ತೆಗೆದರೆ ಮತ್ತೆ ಶುರು. ಪ್ರೊಸೆಸರ್ ನಿರಪರಾಧಿ.

ಅಳತೆ

ಮಲ್ಟಿಮೀಟರ್‌ನಲ್ಲಿ ನೋಡಿದ್ದು, ಮೊಲೆಕ್ಸ್ ಹಿಂಬದಿಯಿಂದ ಪ್ರೋಬ್ ಚುಚ್ಚಿ. ಸಾಫ್ಟ್‌ವೇರ್ ತೋರಿಸುವ 12 ವೋಲ್ಟ್ ಅಂಕಿಯನ್ನು ನಂಬಿ ಕೂರಬೇಡಿ, ಬೋರ್ಡಿನ ಸೆನ್ಸರ್ ತಪ್ಪು ಹೇಳುವುದೇ ಹೆಚ್ಚು.

ಲೋಡಿನಲ್ಲಿ ಹಳದಿ ತಂತಿ 12.08 ವೋಲ್ಟ್, ಕೆಂಪು 5.11. ಖಾಲಿ ಕೂತಾಗ ಹಳದಿ 12.54, ಕೆಂಪು 4.79. ಬಲ್ಬಿನೊಂದಿಗೆ ಖಾಲಿ ಕೂತಾಗ 12.31 ಮತ್ತು 4.93. ಎಟಿಎಕ್ಸ್ ಒಪ್ಪುವುದು ಶೇಕಡ 5ರ ಏರಿಳಿತ: ಹಳದಿಗೆ 11.40ರಿಂದ 12.60, ಕೆಂಪಿಗೆ 4.75ರಿಂದ 5.25. ಮೀಟರಿನ ಮಿನ್-ಮ್ಯಾಕ್ಸ್ ಒತ್ತಿ ಬಿಟ್ಟಾಗ ಕೆಂಪಿನ ಕನಿಷ್ಠ 4.72 ದಾಖಲಾಯಿತು. ಮೀಟರ್ ನಿಧಾನ, ನಿಜವಾದ ಕುಸಿತ ಇನ್ನೂ ಆಳವಿರುತ್ತದೆ.

12 ಏರಿದಾಗ 5 ಇಳಿಯುವ ಈ ಜೋಡಿ ಆಟ ಗ್ರೂಪ್ ರೆಗ್ಯುಲೇಟೆಡ್ ಎಸ್‌ಎಂಪಿಎಸ್‌ನ ಗುರುತು. ಅಗ್ಗದ ಮಾದರಿಗಳಲ್ಲಿ 12 ಮತ್ತು 5 ವೋಲ್ಟಿನ ಸುತ್ತುಗಳು ಒಂದೇ ಕಾಯಿಲಿನ ಮೇಲಿರುತ್ತವೆ, ನಿಯಂತ್ರಿಸುವ ಐಸಿ ಎರಡರ ಒಟ್ಟು ಲೆಕ್ಕ ನೋಡಿ ಸರಿದೂಗಿಸುತ್ತದೆ. ತಕ್ಕಡಿಯ ಎರಡು ತಟ್ಟೆಗಳಂತೆ, ಒಂದು ಕಡೆ ಭಾರ ತೆಗೆದರೆ ಇನ್ನೊಂದು ಕಡೆ ಕೆಳಗೆ. ಖಾಲಿ ಕೂತ ಪ್ರೊಸೆಸರ್ 12 ವೋಲ್ಟಿನಿಂದ ಹೆಚ್ಚೇನೂ ಎಳೆಯುತ್ತಿಲ್ಲ. ಡಿಸಿ ಕ್ಲ್ಯಾಂಪ್ ಮೀಟರನ್ನು ಪ್ರೊಸೆಸರ್ ಕನೆಕ್ಟರಿನ ಹಳದಿ ತಂತಿಗಳ ಸುತ್ತ ಹಾಕಿದಾಗ 1 ಆಂಪ್‌ಗಿಂತ ಕಡಿಮೆ. 5 ವೋಲ್ಟ್ ಮೇಲೆ ಮಾತ್ರ ಹಾರ್ಡ್ ಡಿಸ್ಕಿನ ಸರ್ಕ್ಯೂಟು, ಯುಎಸ್‌ಬಿ ಸಾಮಾನುಗಳು ಕೂತೇ ಇವೆ. ಹಾರ್ಡ್ ಡಿಸ್ಕ್ ತೆಗೆದಾಗ ರೀಸ್ಟಾರ್ಟ್ ಅಪರೂಪವಾದದ್ದು ಇದಕ್ಕೇ. ಉಲ್ಟಾ ಪರೀಕ್ಷೆಯಾಗಿ ಮುಂಭಾಗದ ಯುಎಸ್‌ಬಿಗೆ ಫೋನ್ ಚಾರ್ಜ್‌ಗೆ ಹಾಕಿದಾಗ ಕೆಂಪು 4.76ಕ್ಕೆ ಇಳಿದು, ಸ್ವಲ್ಪ ಹೊತ್ತಿಗೇ ಸಿಸ್ಟಮ್ ಬಿತ್ತು. 5 ವೋಲ್ಟ್ ಮಿತಿಗಿಂತ ಕೆಳಗೆ ಹೋದ ಕ್ಷಣ ಎಸ್‌ಎಂಪಿಎಸ್ ಬೂದು ತಂತಿಯ ಪವರ್ ಗುಡ್ (ವಿದ್ಯುತ್ ಸರಿಯಿದೆ) ಸಂಕೇತ ಕೈಬಿಡುತ್ತದೆ, ಬೋರ್ಡ್ ರೀಸೆಟ್ ಆಗುತ್ತದೆ. ವಿಂಡೋಸ್ ಏನೂ ಬರೆದುಕೊಳ್ಳದಿರುವುದಕ್ಕೆ ಕಾರಣ ಇದೇ. ಪೂರ್ತಿ ಆಫ್ ಆಗಿ ಗೋಡೆಯ ಸ್ವಿಚ್ ಆರಿಸುವ ತನಕ ಏಳದಿದ್ದದ್ದು ಎಸ್‌ಎಂಪಿಎಸ್‌ನ ಪ್ರೊಟೆಕ್ಷನ್ ಸರ್ಕ್ಯೂಟ್ ಲಾಚ್ ಆಗಿ, ಅಂದರೆ ಬಂದ್ ಸ್ಥಿತಿಯಲ್ಲೇ ಸಿಕ್ಕಿಕೊಂಡು ಕೂತಿದ್ದರಿಂದ.

ಎಸ್‌ಎಂಪಿಎಸ್ ಬಿಚ್ಚಿ ಕೆಪಾಸಿಟರ್ ಬದಲಿಸುವ ಯೋಚನೆ ಬೇಡ. 230 ವೋಲ್ಟ್ ಎಸಿ ರೆಕ್ಟಿಫೈ ಆದರೆ ಸುಮಾರು 325 ವೋಲ್ಟ್ ಡಿಸಿ. ಪ್ಲಗ್ ಕಿತ್ತ ಮೇಲೂ ಅದು ಪ್ರೈಮರಿ ಕೆಪಾಸಿಟರಿನಲ್ಲಿ ಉಳಿದಿರುತ್ತದೆ. ಮೇಲಾಗಿ ಕೆಪಾಸಿಟರ್ ಹೊಸದಾದರೂ ವಿನ್ಯಾಸ ಅದೇ.

ಬದಲಿ ಎಸ್‌ಎಂಪಿಎಸ್

ಕೊಳ್ಳುವಾಗ ದೊಡ್ಡಕ್ಷರದ ವ್ಯಾಟ್ ನೋಡಬೇಡಿ, ಬದಿಯ ಲೇಬಲ್ ಓದಿ. 12 ವೋಲ್ಟಿನ ಆಂಪ್ ಅನ್ನು 12ರಿಂದ ಗುಣಿಸಿ. ಹಳೆಯದರ ಮೇಲೆ 22 ಆಂಪ್ ಇತ್ತು, ಅಂದರೆ 264 ವ್ಯಾಟ್. ಉಳಿದದ್ದನ್ನು ಈಗಿನ ಸಿಸ್ಟಮ್‌ಗಳು ಹೆಚ್ಚಾಗಿ ಬಳಸದ 5 ಮತ್ತು 3.3 ವೋಲ್ಟಿಗೆ ಲೆಕ್ಕ ಹಾಕಿ 450 ಎಂದು ಬರೆದಿದ್ದಾರೆ. ಡಿಸಿ-ಡಿಸಿ ವಿನ್ಯಾಸದ 450 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ 12 ವೋಲ್ಟ್ 36 ಆಂಪ್‌ನಷ್ಟು ಇರುತ್ತದೆ, 432 ವ್ಯಾಟ್. ಅದು ಮೊದಲು 12 ವೋಲ್ಟ್ ತಯಾರಿಸಿ, 5 ಮತ್ತು 3.3 ಅನ್ನು ಅದರಿಂದ ಬೇರೆ ಬೇರೆ ಪುಟ್ಟ ಕನ್ವರ್ಟರ್‌ಗಳಲ್ಲಿ ಇಳಿಸಿಕೊಳ್ಳುತ್ತದೆ, ಹಾಗಾಗಿ ಒಂದರ ಲೋಡ್ ಇನ್ನೊಂದನ್ನು ಎಳೆದಾಡುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ‘ಡಿಸಿ ಟು ಡಿಸಿ’ ಎಂದು ಕೇಳಿಯೇ ತಗೊಳ್ಳಿ. ವಿದ್ಯುತ್ ದಕ್ಷತೆಯ 80 ಪ್ಲಸ್ ಬ್ರಾಂಜ್ ಚೀಟಿ ಒಂದೇ ಸಾಲದು, ಬ್ರಾಂಜ್ ಇರುವ ಗ್ರೂಪ್ ರೆಗ್ಯುಲೇಟೆಡ್‌ಗಳೂ ಬಂದಿವೆ.

ಹಾಕುವಾಗ ಹಳೆಯ ಮಾಡ್ಯುಲರ್ (ಎರಡೂ ತುದಿ ಕಳಚಬಹುದಾದ) ಕೇಬಲ್ ಯಾವುದನ್ನೂ ಹೊಸದಕ್ಕೆ ಚುಚ್ಚಬೇಡಿ, ಎಸ್‌ಎಂಪಿಎಸ್ ಬದಿಯ ಪಿನ್ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ಹಾರ್ಡ್ ಡಿಸ್ಕ್ ಸುಟ್ಟು ಹೋಗುತ್ತದೆ. 24 ಪಿನ್, ಪ್ರೊಸೆಸರಿನ 8 ಪಿನ್, ಸಾಟಾ, ಇಷ್ಟೇ ಕೆಲಸ.

ಹೊಸದರಲ್ಲಿ ಖಾಲಿ ಕೂತಾಗ ಹಳದಿ 12.11, ಕೆಂಪು 5.04. ಫೋನ್ ಚುಚ್ಚಿದರೂ ಕೆಂಪು 5.03. ಬಯಾಸ್‌ನಲ್ಲಿ ಪವರ್ ಸಪ್ಲೈ ಐಡಲ್ ಕಂಟ್ರೋಲ್ ಮತ್ತು ಗ್ಲೋಬಲ್ ಸಿ-ಸ್ಟೇಟ್ ಎರಡೂ ಆಟೋಗೆ, ಎಕ್ಸ್‌ಎಂಪಿ ಮತ್ತೆ ಆನ್, ಹಾರ್ಡ್ ಡಿಸ್ಕ್ ಮರಳಿ ಒಳಗೆ, ಪವರ್ ಆಪ್ಷನ್ಸ್‌ನ ಟೈಮರ್‌ಗಳು ಮೊದಲಿನ ಅಂಕಿಗೆ. ಈ ಹಂತ ಮರೆತರೆ ಪರೀಕ್ಷೆಗೆ ಹಾಕಿದ ಸೆಟಿಂಗೇ ದೋಷ ಮುಚ್ಚಿಟ್ಟಿರುತ್ತದೆ, ಎಸ್‌ಎಂಪಿಎಸ್ ಬದಲಿಸಿದ್ದು ಸರಿಯೋ ತಪ್ಪೋ ತಿಳಿಯುವುದಿಲ್ಲ. ಇದೇ ಸ್ಥಿತಿಯಲ್ಲಿ, ಫೋನೂ ಚುಚ್ಚಿ, ಪೆನ್‌ಡ್ರೈವ್‌ಗೆ ಗಂಟೆ ಬರೆಸುತ್ತಾ ಬಿಟ್ಟಾಗ ಲಾಗ್ ಎಲ್ಲೂ ಕಡಿಯಲಿಲ್ಲ, ಇವೆಂಟ್ ವ್ಯೂವರ್‌ನಲ್ಲಿ ಹೊಸ 41 ಇಲ್ಲ.

ಹೊಸದು ಕೊಳ್ಳಲು ಸದ್ಯಕ್ಕೆ ಆಗದವರು ಟಿಪಿಕಲ್ ಕರೆಂಟ್ ಐಡಲ್‌ನಲ್ಲೇ ನಡೆಸಬಹುದು. ಯುಎಸ್‌ಬಿಯಲ್ಲಿ ಫೋನ್ ಚಾರ್ಜ್ ಮಾಡುವುದು ಬಿಡಿ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇದ್ದರೆ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್‌ಗೆ ಹಾಕಿ. ಖಾಲಿ ಕೂತಾಗಿನ ಕೆಂಪು ತಂತಿಯನ್ನು ತಿಂಗಳಿಗೊಮ್ಮೆ ಅಳೆಯಿರಿ, 4.80ರ ಕೆಳಗೆ ಬಂದರೆ ಇನ್ನು ಕಾಯುವಂತಿಲ್ಲ.